ರೋಗಿಗೆ ಸಂಗೀತ: ಹಾಡು ಆರಿಸಬೇಕಾದವರು ಯಾರು?

'ನಿಧಾನದ ಸಂಗೀತ ಹಾಕಿದರೆ ರೋಗಿಗೆ ಸಮಾಧಾನ ಆಗುತ್ತೆ' ಅಂತ ಒಂದು ಸಾಲು ಬರೆದು ಮುಂದೆ ಹೋಗಬೇಡಿ, ನರ್ಸಿಂಗ್ ವಿದ್ಯಾರ್ಥಿಗಳೇ. ಪರೀಕ್ಷೆಗೇ ಅದು ಸಾಲದು, ವಾರ್ಡಿಗಂತೂ ಸಾಲೋದೇ ಇಲ್ಲ.

ಮೊದಲು ಕಾರಣ ತಿಳ್ಕೊಳ್ಳಿ. ಭಯ, ನೋವು ಜಾಸ್ತಿಯಾದಾಗ ಸಿಂಪಥೆಟಿಕ್ ನರವ್ಯೂಹ (ಅಪಾಯ ಎದುರಿಸಲು ದೇಹವನ್ನು ಸಜ್ಜು ಮಾಡುವ ನರಗಳ ಜಾಲ) ಚುರುಕಾಗಿ ಪಲ್ಸ್, ಬಿಪಿ, ಉಸಿರಾಟ ಏರುತ್ತವೆ. ಆತಂಕ ಹೆಚ್ಚಿದಷ್ಟೂ ನೋವೂ ಹೆಚ್ಚು ಅನಿಸುತ್ತೆ. ಗಮನ ಹಾಡಿನ ಕಡೆ ತಿರುಗಿದರೆ ಈ ಬಿಗಿ ಸ್ವಲ್ಪ ಸಡಿಲವಾಗುತ್ತೆ. ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 80 ಬೀಟ್ ಇರುವ, ದನಿ ದಿಢೀರ್ ಏರದ ಸಂಗೀತ ಇದಕ್ಕೆ ಹೊಂದುತ್ತೆ.

ಆದರೆ ಬೀಟ್ ಲೆಕ್ಕಕ್ಕಿಂತ ಮುಖ್ಯ ರೋಗಿಯ ಇಷ್ಟ. ನಮಗೆ ಹಿತವಾದ ಕೊಳಲು ಅವರಿಗೆ ಯಾರದೋ ಸಾವಿನ ಮನೆ ನೆನಪಿಸಬಹುದು, ಅಲ್ವಾ? 2013ರಲ್ಲಿ ಅಮೆರಿಕದಲ್ಲಿ ವೆಂಟಿಲೇಟರ್ ಮೇಲಿದ್ದ 373 ರೋಗಿಗಳ ಅಧ್ಯಯನ ಪ್ರಕಟವಾಯಿತು. ಸಂಗೀತದ ಗುಂಪಿನವರು ತಮಗೆ ಇಷ್ಟವಾದದ್ದನ್ನು, ಬೇಕೆನಿಸಿದಾಗ ತಾವೇ ಕೇಳುತ್ತಿದ್ದರು. ಮಾಮೂಲಿ ಆರೈಕೆಯಲ್ಲಿದ್ದವರಿಗಿಂತ ಅವರ ಆತಂಕ ಕಡಿಮೆಯಾಯಿತು, ನಿದ್ರೆ ತರಿಸುವ ಔಷಧಿಯೂ ಕಡಿಮೆ ಸಾಕಾಯಿತು. ಮಾತೂ ಆಡಲಾಗದೆ ಮಲಗಿರುವವರ ಕೈಗೆ ಒಂದು ನಿರ್ಧಾರವನ್ನಾದರೂ ಕೊಡೋದು ಎಷ್ಟು ದೊಡ್ಡದು ಯೋಚಿಸಿ.

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರಿಗೆ ಹರೆಯದಲ್ಲಿ ಏನು ಇಷ್ಟವಿತ್ತು ಅಂತ ಮನೆಯವರನ್ನು ಕೇಳಿ. ದಿನಾ ಯಾವ ಹೊತ್ತಿಗೆ ಕಿರಿಕಿರಿ ಶುರುವಾಗುತ್ತೋ ನೋಡಿಟ್ಟುಕೊಂಡು, ಅದು ತಾರಕಕ್ಕೇರುವ ಅರ್ಧ ಗಂಟೆ ಮೊದಲೇ ಹಾಕಿ. ಸಿಟ್ಟು ಏರಿದ ಮೇಲೆ ಹಾಕಿದರೆ ಅದೂ ಒಂದು ಗಲಾಟೆಯಾಗಿಬಿಡುತ್ತೆ.

ಇನ್ನು ಹಾಸಿಗೆ ಪಕ್ಕದ ಕೆಲಸ. ಹಾಡು ಬೇಕಾ ಅಂತ ರೋಗಿಯನ್ನು ಕೇಳಿ, ಬೇಡ ಅಂದರೆ ಒತ್ತಾಯ ಬೇಡ. ಪಲ್ಸ್, ಉಸಿರಾಟ, ಬಿಪಿ, 0ರಿಂದ 10ರ ನೋವಿನ ಸ್ಕೋರ್ (0 ಅಂದರೆ ನೋವಿಲ್ಲ, 10 ಅಂದರೆ ತೀರಾ ಹೆಚ್ಚು) ಬರೆದುಕೊಳ್ಳಿ. ಹೆಡ್‌ಫೋನ್ ಒರೆಸಿ, ಮೊದಲು ನಿಮ್ಮ ಕಿವಿಗಿಟ್ಟು ದನಿ ನೋಡಿ, ಶ್ರವಣಯಂತ್ರ ಇದೆಯಾ ಅಂತಲೂ ಗಮನಿಸಿ. ಕರೆಗಂಟೆ ಕೈಗೆಟುಕುವಂತಿರಲಿ. ಹುಬ್ಬು ಗಂಟಾಯಿತಾ, ಹೊದಿಕೆ ಹಿಡಿದ ಬೆರಳು ಬಿಗಿಯಾಯಿತಾ, ತಕ್ಷಣ ನಿಲ್ಲಿಸಿ. ಇಡೀ ವಾರ್ಡಿಗೆ ಸ್ಪೀಕರ್‌ನಲ್ಲಿ ಹಾಕೋದು ಮಾತ್ರ ನನಗೆ ಸುತರಾಂ ಒಪ್ಪಿಗೆಯಿಲ್ಲ, ಪಕ್ಕದ ಹಾಸಿಗೆಯವರಿಗೆ ಅದು ಬರೀ ಸದ್ದು.

ಆಪರೇಷನ್ ನಂತರದ ನೋವು ಸಂಗೀತದಿಂದ ಕಡಿಮೆಯಾಗುತ್ತೆ ಅಂತ 73 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2015ರ ವಿಮರ್ಶೆ ಹೇಳುತ್ತೆ. ಹಾಗಂತ ನೋವಿನ ಮಾತ್ರೆ ತಡಮಾಡಬಾರದು, ಇದು ಅದರ ಜೊತೆಗೆ. ಇಪ್ಪತ್ತು ಮೂವತ್ತು ನಿಮಿಷದ ನಂತರ ಅದೇ ಅಳತೆಗಳನ್ನು ಮತ್ತೆ ತೆಗೆದು, ಯಾವ ಹಾಡು, ಎಷ್ಟು ಹೊತ್ತು, ರೋಗಿ ಏನಂದರು ಅನ್ನೋದನ್ನೂ ಚಾರ್ಟ್‌ನಲ್ಲಿ ಬರೆಯಿರಿ, ಮುಂದಿನ ಶಿಫ್ಟ್‌ನವರು ಅದೇ ಹಾಡು ಹಾಕಬಹುದು.