‘ಎನ್‌ಟಿಪಿ ಆಕ್ಟಿವ್’ ಅಂತಿದೆ, ಆದರೂ ಸರ್ವರ್ ಟೈಮ್ ಹಿಂದೆ ಯಾಕೆ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಕ್ರೋನಿ ಹಾಕಿದ್ದೇವೆ (ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಟೈಮ್ ಪಡೆಯುವ ಪದ್ಧತಿಯಿಂದ ಗಡಿಯಾರ ಸರಿಪಡಿಸುವ ಪ್ರೋಗ್ರಾಂ). ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟರೆ ಎನ್‌ಟಿಪಿ ಸರ್ವಿಸ್ ಆಕ್ಟಿವ್ ಅಂತ ಬರುತ್ತದೆ. ಆದರೂ ಟೈಮ್ 4 ನಿಮಿಷ ಹಿಂದಿದೆ. ಏನು ಮಾಡೋದು?

ಆಕ್ಟಿವ್ ಅಂದರೆ ಕ್ರೋನಿ ಓಡುತ್ತಿದೆ ಅಂತಷ್ಟೇ. ಅದಕ್ಕೆ ಎಲ್ಲಿಂದಲಾದರೂ ಟೈಮ್ ಸಿಕ್ಕಿತಾ ಅನ್ನೋದು ಬೇರೆ ಮಾತು. ಅದರ ಮೇಲಿನ ಸಾಲು ನೋಡಿ, ‘ಸಿಸ್ಟಂ ಕ್ಲಾಕ್ ಸಿಂಕ್ರನೈಸ್ಡ್’ ಎದುರು ಬಹುಶಃ ‘ನೋ’ ಇರುತ್ತದೆ.

ಈಗ ‘ಕ್ರೋನಿಸಿ ಸೋರ್ಸಸ್’ ಕೊಡಿ. ಪಟ್ಟಿ ಖಾಲಿ ಬಂದರೆ ಮೊದಲು ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಮೇಲೆ ಅನುಮಾನ ಪಡಿ. ಪಟ್ಟಿ ಬಂತು ಅಂದರೆ ‘ರೀಚ್’ ಕಾಲಂ ನೋಡಿ. ಕಳೆದ 8 ಸಲ ಕೇಳಿದ್ದರಲ್ಲಿ ಯಾವ್ಯಾವುದಕ್ಕೆ ಉತ್ತರ ಬಂತು ಅನ್ನೋದು ಅಲ್ಲಿರುತ್ತದೆ, ಅದೂ ಆಕ್ಟಲ್ (0ರಿಂದ 7ರವರೆಗಿನ ಅಂಕಿಗಳಷ್ಟೇ ಇರುವ) ಸಂಖ್ಯೆಯಲ್ಲಿ. ಎಂಟಕ್ಕೆ ಎಂಟೂ ಬಂದಿದ್ದರೆ 377. ಒಂದೂ ಬಂದಿಲ್ಲದಿದ್ದರೆ 0. ನಿಮ್ಮಲ್ಲಿ 0 ಇರೋ ಸಾಧ್ಯತೆಯೇ ಜಾಸ್ತಿ. ಯಾವುದೋ ಫೈರ್‌ವಾಲ್ ಯುಡಿಪಿ 123 (ಎನ್‌ಟಿಪಿ ಬಳಸುವ ಪೋರ್ಟ್) ತಡೆಯುತ್ತಿರುತ್ತದೆ. ಸಾಮಾನ್ಯವಾಗಿ ಹೊರಹೋಗುವ ದಾರಿ ಬಿಟ್ಟರೆ ಸಾಕು. ಸುಮ್ನೆ ಒಳಬರುವ 123 ಕೂಡ ತೆರೆದಿಡಬೇಡಿ, ನೀವು ಯಾರಿಗೂ ಟೈಮ್ ಹಂಚುತ್ತಿಲ್ಲ ಅಲ್ವಾ.

ದಾರಿ ಬಿಟ್ಟ ಮೇಲೂ ಟೈಮ್ ಥಟ್ಟನೆ ಸರಿಹೋಗದೇ ಇರಬಹುದು. ಕಾನ್ಫಿಗ್ ಫೈಲ್‌ನಲ್ಲಿ ‘ಮೇಕ್‌ಸ್ಟೆಪ್ 1.0 3’ ಅಂತ ಸಾಮಾನ್ಯವಾಗಿ ಇರುತ್ತದೆ. ವ್ಯತ್ಯಾಸ 1 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಗಡಿಯಾರವನ್ನು ಹಾರಿಸು, ಆದರೆ ಮೊದಲ 3 ಅಪ್‌ಡೇಟ್‌ಗಳಲ್ಲಿ ಮಾತ್ರ ಅಂತ ಅದರರ್ಥ. ಕ್ರೋನಿ ಶುರುವಾದಾಗಿಂದ ಒಮ್ಮೆಯೂ ಟೈಮ್ ಸಿಕ್ಕಿಲ್ಲದಿದ್ದರೆ ಅದೇ ಹಾರಿಸಿಕೊಳ್ಳುತ್ತದೆ. ಮೊದಲೆಲ್ಲ ಸಿಗುತ್ತಿದ್ದು ನಡುವೆ ನಿಂತಿದ್ದರೆ ಆ ಮೂರು ಅವಕಾಶ ಮುಗಿದಿರುತ್ತವೆ. ಆಗ ನಿಧಾನಕ್ಕೆ ಎಳೆಯುತ್ತದೆ: ಸೆಕೆಂಡಿಗೆ ಹೆಚ್ಚೆಂದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ. 4 ನಿಮಿಷ ತುಂಬಲು ಕಡಿಮೆಯೆಂದರೂ 48 ನಿಮಿಷ ಬೇಕು.

ಅಷ್ಟು ಹೊತ್ತು ಕಾಯೋಕಾಗಲ್ಲ ಅಂದರೆ ‘ಸುಡೊ ಕ್ರೋನಿಸಿ ಮೇಕ್‌ಸ್ಟೆಪ್’ ಕೊಡಿ. ಗಡಿಯಾರ ಹಿಂದಿರುವಾಗ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಮುಂದಿದ್ದರೆ ಮಾತ್ರ ಡೇಟಾಬೇಸ್ ನಿಲ್ಲಿಸಿಯೇ ಕೊಡಿ. ಟೈಮ್ ಹಿಂದಕ್ಕೆ ಹಾರಿದರೆ ಈಗ ಬರೆದ ದಾಖಲೆ ಸ್ವಲ್ಪ ಹೊತ್ತಿನ ಹಿಂದೆ ಬರೆದದ್ದಕ್ಕಿಂತ ಹಳೆಯದಾಗಿ ಕಾಣುತ್ತದೆ.

ಯಾವ ಟೈಮ್ ಸರ್ವರ್ ಹಾಕಬೇಕು ಅನ್ನೋದಕ್ಕೆ ಭಾರತದ ಕಂಪನಿಗಳಿಗೆ ನಿಯಮವೇ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಎನ್‌ಐಸಿ (ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್) ಅಥವಾ ಎನ್‌ಪಿಎಲ್‌ನ (ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ) ಸರ್ವರ್, ಇಲ್ಲವೇ ಅವುಗಳಿಂದ ಟೈಮ್ ಪಡೆಯುವ ಸರ್ವರ್ ಇರಬೇಕು.

ಅಂದಹಾಗೆ, ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಕ್ರೋನಿಯನ್ನು ಮುಟ್ಟಲೇಬೇಡಿ. ಎನ್‌ಟಿಪಿಯಲ್ಲಿ ಬರೋದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಾತ್ರ, ನಮ್ಮ ಟೈಮ್ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ತಪ್ಪಿರೋದು ಟೈಮ್‌ಝೋನ್. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್’ ಕೊಟ್ಟು ಮುಂದೆ ‘ಏಷ್ಯಾ/ಕೋಲ್ಕತಾ’ ಹಾಕಿದರೆ ಮುಗಿಯಿತು.