ಸೆಪ್ಸಿಸ್‌ಗೆ ಹೊಸ ಔಷಧ ಯಾಕೆ ಸಿಗುತ್ತಿಲ್ಲ?

ಮೆಡಿಕಲ್ ಕಾಲೇಜಿನ ಪರೀಕ್ಷೆಯಲ್ಲಿ ಸೆಪ್ಸಿಸ್ ಪ್ರಶ್ನೆ ಬಂದರೆ ಎಲ್ಲರೂ ಆಂಟಿಬಯಾಟಿಕ್‌ಗಳ ಹೆಸರು ಬರೆದು ಎದ್ದು ಬರುತ್ತೇವೆ. ಹೊಸ ಔಷಧಗಳು ಒಂದಾದ ಮೇಲೊಂದು ಯಾಕೆ ಸೋತವು ಅನ್ನೋ ಭಾಗವನ್ನು ಮುಟ್ಟುವವರು ಕಡಿಮೆ. ಮಜಾ ಇರೋದೇ ಅಲ್ಲಿ. ಕಾರವಾರದಲ್ಲಿ ಓದುವ ನಮಗೆ ಉದಾಹರಣೆಗೆ ದೂರ ಹೋಗಬೇಕಾಗಿಯೂ ಇಲ್ಲ.

ಮೊದಲು ವ್ಯಾಖ್ಯೆ. 2016ರಿಂದ ಬಳಕೆಯಲ್ಲಿರುವ ಪ್ರಕಾರ, ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆ ಹದ ತಪ್ಪಿ, ಅಂಗಗಳು ಕೈಕೊಟ್ಟು, ಜೀವಕ್ಕೆ ಕುತ್ತು ಬಂದರೆ ಅದು ಸೆಪ್ಸಿಸ್. ರಕ್ತದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಲೇಬೇಕು ಅಂತಿಲ್ಲ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು, 1.1 ಕೋಟಿ ಜನ ತೀರಿಕೊಂಡರು ಎಂಬ ಅಂದಾಜಿದೆ.

ವ್ಯಾಖ್ಯೆಯಲ್ಲೇ ಎರಡು ಗುರಿಗಳಿವೆ ನೋಡಿ: ಬ್ಯಾಕ್ಟೀರಿಯಾ ಒಂದು, ದೇಹದ ಪ್ರತಿಕ್ರಿಯೆ ಇನ್ನೊಂದು. ಕಂಪನಿಗಳು ಹೆಚ್ಚು ದುಡ್ಡು ಸುರಿದು ಕೈ ಸುಟ್ಟುಕೊಂಡದ್ದು ಎರಡನೆಯದರಲ್ಲಿ.

ಗ್ರಾಂ ನೆಗೆಟಿವ್ ಎಂಬ ಗುಂಪಿನ (ಇ. ಕೋಲೈಯಂಥ) ಬ್ಯಾಕ್ಟೀರಿಯಾದ ಹೊರಪದರದಲ್ಲಿ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆಯ ಅಣು ಇರುತ್ತದೆ. ನಮ್ಮ ಕೋಶಗಳ ಟಿಎಲ್‌ಆರ್4 ಎಂಬ ಪ್ರೋಟೀನ್ ಅದನ್ನು ಗುರುತಿಸುತ್ತದೆ. ಟಿಎನ್‌ಎಫ್, ಐಎಲ್-1 ಎಂಬ ಉರಿಯೂತದ ಸಂಕೇತಗಳು ಬಿಡುಗಡೆಯಾಗುತ್ತವೆ. ರಕ್ತನಾಳ ಸೋರುತ್ತದೆ, ಬಿಪಿ ಬೀಳುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಈ ಸರಪಳಿಯ ಒಂದೊಂದು ಕೊಂಡಿಗೂ ಔಷಧ ಮಾಡಿ ನೋಡಿದ್ದಾರೆ. ಟಿಎಲ್‌ಆರ್4 ತಡೆಯುವ ಎರಿಟೋರಾನ್ ಸುಮಾರು 2000 ರೋಗಿಗಳ ಟ್ರಯಲ್‌ನಲ್ಲಿ ಸಾವು ತಗ್ಗಿಸಲಿಲ್ಲ. ಟಿಎನ್‌ಎಫ್ ವಿರುದ್ಧದ ಆಂಟಿಬಾಡಿಗಳದ್ದೂ ಅದೇ ಗತಿ.

ಝೈಗ್ರಿಸ್ ಕಥೆಯನ್ನಂತೂ ಬಿಡಬೇಡಿ. ಇದು ಆಕ್ಟಿವೇಟೆಡ್ ಪ್ರೋಟೀನ್ ಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್. 1690 ರೋಗಿಗಳ ಟ್ರಯಲ್‌ನಲ್ಲಿ ಪ್ಲಸಿಬೊ (ಔಷಧವಿಲ್ಲದ ಹುಸಿ ಮದ್ದು) ಪಡೆದವರಲ್ಲಿ ಶೇ. 30.8, ಔಷಧ ಪಡೆದವರಲ್ಲಿ ಶೇ. 24.7 ಸಾವು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತಸ್ರಾವದ ಅಪಾಯ ಇದ್ದರೂ ಹತ್ತು ವರ್ಷ ಬಳಸಿದರು. ಆಮೇಲೆ ಸೆಪ್ಟಿಕ್ ಶಾಕ್‌ನಲ್ಲಿ (ಸೆಪ್ಸಿಸ್‌ನಿಂದ ಬಿಪಿ ತೀರಾ ಬಿದ್ದವರಲ್ಲಿ) ಮತ್ತೆ ಪರೀಕ್ಷಿಸಿದಾಗ ಔಷಧ ಪಡೆದವರಲ್ಲಿ ಶೇ. 26.4, ಪ್ಲಸಿಬೊದಲ್ಲಿ ಶೇ. 24.2 ಸಾವು. 2011ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು. ಒಂದೇ ಟ್ರಯಲ್ ನಂಬಿ ಕುಣಿಯಬಾರದು ಅನ್ನಲು ಇದಕ್ಕಿಂತ ಸಾಕ್ಷಿ ಬೇಕಾ?

ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದಕ್ಕೆ ಕಾರಣ ಇದೆ. ಪ್ರಯೋಗದ ಇಲಿ ಎಳೆಯದು, ಆರೋಗ್ಯವಂತ, ಎಲ್ಲವೂ ಒಂದೇ ತಳಿ. ಸೋಂಕು ಯಾವ ಗಳಿಗೆಯಲ್ಲಿ ಆಯ್ತು ಅಂತ ಗೊತ್ತಿರುತ್ತದೆ, ಔಷಧವನ್ನು ಸರಿಯಾದ ಹೊತ್ತಿಗೆ ಕೊಡಬಹುದು. ಎಲ್‌ಪಿಎಸ್ ಅನ್ನು ನಮಗಿಂತ ಎಷ್ಟೋ ಪಟ್ಟು ಜಾಸ್ತಿ ತಡೆದುಕೊಳ್ಳುತ್ತದೆ ಕೂಡ.

ಈಗ ಮುಖ್ಯ ವಿಷಯ. ಜುಲೈ ತಿಂಗಳು, ನಮ್ಮ ಜಿಲ್ಲೆಯ ಒಂದು ವಾರ್ಡ್ ಎಂದುಕೊಳ್ಳಿ. ಅಂಕೋಲಾ ಕಡೆಯ ಗದ್ದೆ ಕೆಲಸದವರೊಬ್ಬರು, ಸಕ್ಕರೆ ಕಾಯಿಲೆ ಇದೆ, ಮಣ್ಣು-ನೀರಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಆಗಿದೆ. ಶಿರಸಿ ಕಡೆ ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದವರೊಬ್ಬರು, ಸಣ್ಣ ಹುಳದ (ಮೈಟ್) ಕಡಿತದಿಂದ ಬರುವ ಸ್ಕ್ರಬ್ ಟೈಫಸ್. ಕುಮಟಾದ ಅಜ್ಜಿಗೆ ಮೂತ್ರದ ಸೋಂಕು, ಇ. ಕೋಲೈ. ಮೂವರಿಗೂ ಬಿಪಿ ಕಡಿಮೆ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಅಂಶ) ಜಾಸ್ತಿ. ಟ್ರಯಲ್‌ನಲ್ಲಿ ಮೂವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಆದರೆ ಮೆರೋಪೆನೆಮ್ ಎಂಬ ಆಂಟಿಬಯಾಟಿಕ್ ಮೊದಲನೆಯವರಿಗೆ ಕೆಲಸ ಮಾಡುತ್ತದೆ, ಎರಡನೆಯವರಿಗೆ ಇಲ್ಲ. ಅವರಿಗೆ ಡಾಕ್ಸಿಸೈಕ್ಲಿನ್ ಬೇಕು. ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆಯಾ ಅಂತ ಬಟ್ಟೆ ಸರಿಸಿ ನೋಡಿದವರಿಗೆ ಮಾತ್ರ ಅದು ಹೊಳೆಯುತ್ತದೆ. ಮೆಲಿಯಾಯ್ಡೋಸಿಸ್‌ಗೂ ಲ್ಯಾಬ್‌ನಲ್ಲಿ ಒಂದು ಸುಳಿವಿದೆ: ಅದರ ಬ್ಯಾಕ್ಟೀರಿಯಾ ಆಕ್ಸಿಡೇಸ್ ಪರೀಕ್ಷೆಯಲ್ಲಿ ಪಾಸಿಟಿವ್, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗಲ್ಲ, ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತದೆ. ಸುಮ್ನೆ ಸ್ಯೂಡೊಮೊನಾಸ್ (ಇದನ್ನೇ ಹೋಲುವ ಇನ್ನೊಂದು ಬ್ಯಾಕ್ಟೀರಿಯಾ) ಅಂತ ರಿಪೋರ್ಟ್ ಬಂದರೆ ಇದನ್ನು ಒಮ್ಮೆ ನೋಡಿ.

ಸರಿಯಾದ ರೋಗಿಗೆ ಸರಿಯಾದ ಔಷಧ ಕೊಟ್ಟರೆ ಫಲಿತಾಂಶ ಹೇಗಿರುತ್ತದೆ? ಥಾಯ್ಲೆಂಡ್‌ನಲ್ಲಿ 1989ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ, ತೀವ್ರ ಮೆಲಿಯಾಯ್ಡೋಸಿಸ್‌ಗೆ ಸೆಫ್ಟಾಜಿಡೈಮ್ ಕೊಟ್ಟಾಗ ಸಾವು ಶೇ. 74ರಿಂದ 37ಕ್ಕೆ ಇಳಿಯಿತು. ನಮ್ಮ ದೇಶದ್ದೇ 2023ರ ಟ್ರಯಲ್‌ನಲ್ಲಿ, ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳಕ್ಕೆ ಕೊಟ್ಟಾಗ, ಸಾವು, ಬಿಡದ ಜ್ವರ, ತೊಡಕು ಎಲ್ಲ ಸೇರಿ ಶೇ. 33. ಒಂದೊಂದೇ ಕೊಟ್ಟವರಲ್ಲಿ ಶೇ. 47 ಮತ್ತು 48. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಕಡಿಮೆಯಾದದ್ದು ತೊಡಕುಗಳು. ಎರಡೂ ಹಳೇ ಔಷಧಗಳೇ!

ಹೊಸ ಆಂಟಿಬಯಾಟಿಕ್‌ಗಳಲ್ಲಿ ಎರಡು ನೆನಪಿಟ್ಟುಕೊಳ್ಳಿ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್ಮೆಟಜೊಬ್ಯಾಕ್ಟಂಗೆ (ಬ್ಯಾಕ್ಟೀರಿಯಾ ಆಂಟಿಬಯಾಟಿಕ್ ಅನ್ನು ಒಡೆಯದಂತೆ ತಡೆಯುವ ಔಷಧ) ಸೆಫೆಪೈಮ್ ಎಂಬ ಆಂಟಿಬಯಾಟಿಕ್ ಜೊತೆಯಲ್ಲಿ 2024ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಝೊಸುರಬಾಲ್ಪಿನ್ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಎಲ್‌ಪಿಎಸ್ ಹೊರಪದರಕ್ಕೆ ಸಾಗುವ ದಾರಿಯನ್ನೇ ಇದು ಮುಚ್ಚುತ್ತದೆ.

ದೇಹದ ಪ್ರತಿಕ್ರಿಯೆಯ ಕಡೆಗೆ ಮತ್ತೆ ಬಂದರೆ, ಐಎಲ್-1 ತಡೆಯುವ ಅನಕಿನ್ರಾ ಮೊದಲು ಸೋತಿತ್ತು. ಹಳೇ ಡೇಟಾ ಕೆದಕಿ 2016ರಲ್ಲಿ ನೋಡಿದಾಗ, ಲಿವರ್ ತೊಂದರೆ ಮತ್ತು ರಕ್ತ ಹೆಪ್ಪುಗಟ್ಟುವುದರಲ್ಲಿ ಏರುಪೇರು ಎರಡೂ ಇದ್ದವರಲ್ಲಿ, ಅನಕಿನ್ರಾ ಪಡೆದ ಸುಮಾರು ಶೇ. 65 ಜನ 28 ದಿನ ಬದುಕಿದ್ದರು, ಪ್ಲಸಿಬೊದಲ್ಲಿ ಶೇ. 35. ಗುಂಪು ತೀರಾ ಸಣ್ಣದು, ಅದೂ ಆಮೇಲೆ ಆರಿಸಿದ್ದು, ಹಾಗಾಗಿ ಪುರಾವೆ ಅಂತ ಬರೆಯಬೇಡಿ. ಆದರೆ ಆ ಗುಂಪನ್ನು ಗುರುತಿಸಿದ್ದು ಮಾಮೂಲಿ ರಕ್ತ ಪರೀಕ್ಷೆಗಳಿಂದ. ಜೀನ್ ಪರೀಕ್ಷೆಯನ್ನೇ ನೆಚ್ಚಿಕೊಂಡ ಔಷಧಕ್ಕಿಂತ ಇದರ ಮೇಲೆ ನನಗೆ ಭರವಸೆ ಜಾಸ್ತಿ. ಶಾಕ್ ಇದ್ದರೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಹೋಗಬೇಕು. ಇಲ್ಲಿಂದ ಹುಬ್ಬಳ್ಳಿಗೆ ಹೊರಟ ಆಂಬ್ಯುಲೆನ್ಸ್ ಆ ಹೊತ್ತಿಗೆ ಘಟ್ಟವನ್ನೇ ದಾಟಿರುವುದಿಲ್ಲ. ರೋಗಿ ಯಾವ ಗುಂಪಿನವರು ಅಂತ ತಾಲೂಕು ಆಸ್ಪತ್ರೆಯ ಲ್ಯಾಬ್ ಹೇಳುವಂತಿದ್ದರೆ ಮಾತ್ರ ಅಂಥ ಔಷಧ ನಮ್ಮವರಿಗೆ ಹೊತ್ತಿಗೆ ಸಿಗುತ್ತದೆ.