ಫಾರ್ಮ್ಯಾಟ್ ಹೊಡೆಸುವ ಮುನ್ನ: ವಿಂಡೋಸ್ ರಿಫ್ರೆಶ್ ಸಾಕೋ, ರಿಸೆಟ್ಟೇ ಬೇಕೋ?

ಕಂಪ್ಯೂಟರ್ ಸ್ಲೋ ಆಯಿತೆಂದರೆ ರಾಯಚೂರಿರಲಿ, ಬಳ್ಳಾರಿಯಿರಲಿ, ಮೊದಲು ಕೇಳಿಬರುವ ಮಾತು ‘ಒಂದ್ಸಲ ಫಾರ್ಮ್ಯಾಟ್ ಹೊಡೆಸಿಬಿಡ್ರಿ’ ಅಂತ. ಅದಕ್ಕೆ ಹೂಂ ಅನ್ನುವ ಮೊದಲು ದೋಷ ವಿಂಡೋಸ್‌ನಲ್ಲಿದೆಯೋ ಯಂತ್ರದಲ್ಲಿದೆಯೋ ನೋಡಿಕೊಳ್ಳಿ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಾರು, ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ತೌಡು, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು ಸಿಪಿಯು ಒಳಗೆ ಸೇರಿ, ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ಸಂದುಗಳನ್ನು ಮುಚ್ಚುತ್ತವೆ. ಬೇಸಿಗೆಯಲ್ಲಿ ಪ್ರೊಸೆಸರ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ತೆವಳುವ ಯಂತ್ರಕ್ಕೆ ಬೇಕಾದದ್ದು ಬ್ಲೋವರ್ ಮತ್ತು ಪ್ರೊಸೆಸರ್ ಮೇಲೆ ಹಚ್ಚುವ ಹೊಸ ಥರ್ಮಲ್ ಪೇಸ್ಟ್. ವಿಂಡೋಸ್ ಹತ್ತು ಸಲ ಹಾಕಿಸಿದರೂ ಅದು ಹಾಗೇ ತೆವಳುತ್ತದೆ.

ಎರಡನೆಯ ಅನುಮಾನ ಹಾರ್ಡ್ ಡಿಸ್ಕ್ ಮೇಲೆ ಇರಲಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಅದರಲ್ಲಿ ಹಳದಿ ಬಣ್ಣದ ‘ಕಾಷನ್’ ಬಂದಿದ್ದರೆ ವಿಂಡೋಸನ್ನು ಹೊಸದಾಗಿ ಹಾಕುವ ರಿಸೆಟ್ ಬಟನ್ ಮುಟ್ಟಲೇಬೇಡಿ. ರಿಸೆಟ್ ಎಂದರೆ ಡಿಸ್ಕಿನ ಮೇಲೆ ಹಲವು ಜಿಬಿ ಓದು-ಬರಹ; ಸಾಯುತ್ತಿರುವ ಡಿಸ್ಕ್ ಅರ್ಧದಲ್ಲೇ ಕೈಕೊಟ್ಟರೆ ಕಡತಗಳೂ ಹೋಗುತ್ತವೆ. ಮೊದಲು ದತ್ತಾಂಶ ಹೊರಗೆ ಕಾಪಿ ಮಾಡಿ, ನಂತರ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ.

ದೋಷ ವಿಂಡೋಸ್‌ನದೇ ಎಂದು ಖಚಿತವಾದ ಮೇಲೂ ನೇರ ರಿಸೆಟ್‌ಗೆ ಹೋಗಬೇಕಿಲ್ಲ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂದು ಹೋದರೆ ವಿಂಡೋಸ್ ಅಪ್‌ಡೇಟ್ ಮೂಲಕ ಸರಿಪಡಿಸುವ ‘ರೀಇನ್‌ಸ್ಟಾಲ್ ನೌ’ ಇದೆ. ಪ್ರೋಗ್ರಾಮ್, ಕಡತ, ಸೆಟ್ಟಿಂಗ್ ಮೂರನ್ನೂ ಉಳಿಸಿಕೊಂಡು ವಿಂಡೋಸ್ ಅನ್ನು ಮಾತ್ರ ಮತ್ತೆ ಹಾಕುತ್ತದೆ. ಅಂಗಡಿ, ಆಫೀಸಿನ ಯಂತ್ರಕ್ಕೆ ಇದೇ ಮೊದಲ ಮದ್ದು ಆಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ವಿಂಡೋಸ್ 10ರಲ್ಲಿ ಇದೇ ಕೆಲಸಕ್ಕೆ ಮೈಕ್ರೋಸಾಫ್ಟ್‌ನ ಐಎಸ್‌ಒ (ಇಡೀ ವಿಂಡೋಸ್ ಇರುವ ಒಂದೇ ಕಡತ) ಇಳಿಸಿಕೊಂಡು, ವಿಂಡೋಸ್ ಒಳಗಿನಿಂದಲೇ ಸೆಟಪ್ ಓಡಿಸಿ, ಕಡತ-ಆ್ಯಪ್ ಎರಡನ್ನೂ ಉಳಿಸುವ ಆಯ್ಕೆ ಒತ್ತಬೇಕು. 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ಯಂತ್ರ ತಾಳುವುದಾದರೆ 11ಕ್ಕೇ ಹೋಗುವುದು ಒಳ್ಳೆಯದು.

ಅದೂ ಫಲಿಸದಿದ್ದರೆ ಮಾತ್ರ ರಿಫ್ರೆಶ್, ರಿಸೆಟ್. 2012ರ ವಿಂಡೋಸ್ 8ರಲ್ಲಿ ಇವು ಬೇರೆ ಬೇರೆ ಬಟನ್ ಆಗಿದ್ದವು. 10ರಿಂದ ಈಚೆಗೆ ‘ರಿಸೆಟ್ ದಿಸ್ ಪಿಸಿ’ ಒಂದೇ. ಅದರೊಳಗಿನ ‘ಕೀಪ್ ಮೈ ಫೈಲ್ಸ್’ ಹಳೆಯ ರಿಫ್ರೆಶ್, ‘ರಿಮೂವ್ ಎವ್ರಿಥಿಂಗ್’ ಹಳೆಯ ರಿಸೆಟ್. ಲಾಗಿನ್ ಪರದೆಯಿಂದ ಮುಂದೆ ವಿಂಡೋಸ್ ತೆರೆಯುವುದೇ ಇಲ್ಲವೆಂದರೆ ಅಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್ ಮೂಲಕ ಅಲ್ಲಿಗೆ ಹೋಗಬಹುದು.

ಹೆಚ್ಚು ಜನ ಪೆಟ್ಟು ತಿನ್ನುವುದು ‘ಕೀಪ್ ಮೈ ಫೈಲ್ಸ್’ನಲ್ಲೇ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ, ಡಿ ಡ್ರೈವ್ ಇವೆಲ್ಲ ಉಳಿಯುತ್ತವೆ, ನಿಜ. ಆದರೆ ಪ್ರೋಗ್ರಾಮ್ ಫೈಲ್ಸ್, ಪ್ರೋಗ್ರಾಮ್‌ಡೇಟಾ, ವಿಂಡೋಸ್ ಫೋಲ್ಡರುಗಳು ಮತ್ತು ಬಳಕೆದಾರರ ಆ್ಯಪ್‌ಡೇಟಾ (ಪ್ರೋಗ್ರಾಮ್‌ಗಳು ತಮ್ಮ ಸೆಟ್ಟಿಂಗ್ ಇಟ್ಟುಕೊಳ್ಳುವ ಫೋಲ್ಡರ್) ಉಳಿಯುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ಎಂಬ ದತ್ತಾಂಶ ಸಂಗ್ರಹಿಸುವ ತಂತ್ರಾಂಶದ ಮೇಲೆ ಓಡುವ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳ ದತ್ತಾಂಶ ಸಾಮಾನ್ಯವಾಗಿ ಕೂತಿರುವುದು ಪ್ರೋಗ್ರಾಮ್ ಫೈಲ್ಸ್ ಒಳಗೆ! ವರ್ಷದ ಲೆಕ್ಕವೆಲ್ಲ ಒಂದು ಕ್ಲಿಕ್ಕಿಗೆ ಹೋಗಬಹುದು. ಸಾಫ್ಟ್‌ವೇರ್ ಒಳಗಿನ ಬ್ಯಾಕಪ್ ಆಯ್ಕೆಯಿಂದಲೇ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ಬೇರೆ ಯಂತ್ರದಲ್ಲಿ ಅದು ತೆರೆಯುತ್ತದೆಯೇ ಎಂದೂ ನೋಡಿ. ಟ್ಯಾಲಿ ಇದ್ದರೆ ಡೇಟಾ ಫೋಲ್ಡರ್ ಎಲ್ಲಿದೆಯೆಂದು ಅದರಲ್ಲೇ ನೋಡಿ ಕಾಪಿ ಮಾಡಿ, ಲೈಸೆನ್ಸ್ ಸರೆಂಡರ್ ಮಾಡಿ (ಈ ಯಂತ್ರದಿಂದ ಬಿಡಿಸಿ), ಆಮೇಲೆ ಮುಂದುವರಿಯಿರಿ. ಕ್ರೋಮ್‌ನ ಬುಕ್‌ಮಾರ್ಕ್, ಪಾಸ್‌ವರ್ಡುಗಳು ಆ್ಯಪ್‌ಡೇಟಾದಲ್ಲಿರುತ್ತವೆ. ಸಿಂಕ್ ಆನ್ ಇಲ್ಲದಿದ್ದರೆ ಅವೂ ಹೋದಂತೆಯೇ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ಫಾಂಟುಗಳಿರುವುದು ವಿಂಡೋಸ್ ಫೋಲ್ಡರಿನಲ್ಲಿ, ಆದ್ದರಿಂದ ನುಡಿ, ಬರಹ ಫಾಂಟುಗಳು ಅಳಿಯುತ್ತವೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದ ಕಡತ ತೆರೆದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಏನನ್ನೂ ಅಳಿಸಬೇಡಿ. ನುಡಿ ಮತ್ತೆ ಹಾಕಿದ ತಕ್ಷಣ ಅಕ್ಷರ ಮರಳುತ್ತದೆ. ಗ್ರಾಮ ಒನ್ ಕೇಂದ್ರದವರು ಬೆರಳಗುರುತು (ಫಿಂಗರ್‌ಪ್ರಿಂಟ್) ಯಂತ್ರದ ಡ್ರೈವರ್ ಮತ್ತು ಅದನ್ನು ಆಧಾರ್‌ಗೆ ಜೋಡಿಸುವ ಆರ್‌ಡಿ ಸರ್ವಿಸ್, ಲೆಕ್ಕಪರಿಶೋಧಕರು ಡಿಜಿಟಲ್ ಸಹಿ ಟೋಕನ್ನಿನ ಡ್ರೈವರ್, ಎಲ್ಲರೂ ಪ್ರಿಂಟರ್ ಡ್ರೈವರ್ ಮತ್ತೆ ಹಾಕಬೇಕು. ತೆಗೆದುಹಾಕಿದ ಪ್ರೋಗ್ರಾಮ್‌ಗಳ ಪಟ್ಟಿಯನ್ನು ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ ಇಡುತ್ತದೆ, ಆದರೆ ಲೈಸೆನ್ಸ್ ಕೀ ಅದರಲ್ಲಿರುವುದಿಲ್ಲ, ಮೊದಲೇ ಬರೆದಿಟ್ಟುಕೊಳ್ಳಿ. ವಿಂಡೋಸ್‌ನ ಸ್ವಂತ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಅದರ ಚಿಂತೆಯಿಲ್ಲ.

ಮುಂದೆ ‘ಕ್ಲೌಡ್ ಡೌನ್‌ಲೋಡ್’, ‘ಲೋಕಲ್ ರೀಇನ್‌ಸ್ಟಾಲ್’ ಎಂದು ಕೇಳುತ್ತದೆ. ಮೊದಲನೆಯದಕ್ಕೆ ಸುಮಾರು 4 ಜಿಬಿ ಬೇಕು. ಮೊಬೈಲ್ ಹಾಟ್‌ಸ್ಪಾಟ್‌ನ ದಿನದ 1.5 ಜಿಬಿ ಅದಕ್ಕೆ ಸಾಲದು, ಬ್ರಾಡ್‌ಬ್ಯಾಂಡ್ ಇದ್ದರೆ ಇದನ್ನೇ ಆರಿಸಿ. ಲೋಕಲ್ ಆಯ್ಕೆ ಯಂತ್ರದಲ್ಲಿರುವ ಕಡತಗಳಿಂದಲೇ ವಿಂಡೋಸ್ ಕಟ್ಟುತ್ತದೆ. ಅವೇ ಕೆಟ್ಟಿದ್ದರೆ ನಡುವೆ ನಿಲ್ಲುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಎರಡು ಮೂರು ತಾಸು ಹಿಡಿಯಬಹುದು. ಸಾಮಾನ್ಯ 600 ವಿಎ ಯುಪಿಎಸ್ ಅಷ್ಟು ಹೊತ್ತು ಎಳೆಯದು. ಕರೆಂಟ್ ತೆಗೆಯುವ ಹೊತ್ತು ಬಿಟ್ಟು ಶುರುಮಾಡಿ, ಇನ್ವರ್ಟರ್ ಇದ್ದರೆ ಅದರ ಲೈನಿಗೆ ಕೊಡಿ.

‘ರಿಮೂವ್ ಎವ್ರಿಥಿಂಗ್’ ಎರಡೇ ಸಂದರ್ಭಕ್ಕೆ: ವೈರಸ್ ಗಟ್ಟಿಯಾಗಿ ಹತ್ತಿದಾಗ, ಯಂತ್ರ ಮಾರುವಾಗ ಅಥವಾ ಇನ್ನೊಬ್ಬರಿಗೆ ಕೊಡುವಾಗ. ಕಡತಗಳನ್ನೇ ಬೀಗ ಹಾಕುವ ರ‍್ಯಾನ್ಸಮ್‌ವೇರ್ ಬಂದಿದ್ದರೆ ರಿಸೆಟ್ಟನ್ನೂ ನಂಬಬೇಡಿ. ಬೇರೆ ಯಂತ್ರದಲ್ಲಿ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ಮಾಡಿಕೊಂಡು ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಮಾರುವಾಗ ‘ಕ್ಲೀನ್ ಡೇಟಾ’ ಆನ್ ಮಾಡಿ. ಇಲ್ಲದಿದ್ದರೆ ರಿಕವರಿ ತಂತ್ರಾಂಶದಿಂದ ಹಳೆಯ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎದ್ದು ಬರಬಹುದು. ‘ಆಲ್ ಡ್ರೈವ್ಸ್’ ಎಂಬ ಆಯ್ಕೆಯನ್ನು ನಿಧಾನವಾಗಿ ಓದಿ ಒತ್ತಿ, ಅದು ಡಿ ಡ್ರೈವನ್ನೂ ಬಿಡುವುದಿಲ್ಲ.

ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಟ್ರಬಲ್‌ಶೂಟ್ ಪರದೆಯಿಂದ ರಿಸೆಟ್ ಮಾಡಹೋದಾಗ 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಇನ್ನೂ ತೆರೆಯುತ್ತಿರುವಾಗಲೇ, ಇವತ್ತೇ, ಆ ಖಾತೆಗೆ ಲಾಗಿನ್ ಆಗಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.